ಕೊಳೆತ ಮೈ, ನಗುವ ಮುಖ: ನರ್ಗಲ್ ಭೂತಗಳ ವಿನ್ಯಾಸವನ್ನು ಓದುವ ಬಗೆ

ಮೇಜಿನ ಮೇಲೆ ಪುಟ್ಟ ಗೊಂಬೆಗಳ ಸೈನ್ಯವಿಟ್ಟು ಆಡುವ ವಾರ್‌ಹ್ಯಾಮರ್ ಯುದ್ಧದಾಟದ ಲೋಕದಲ್ಲಿ ನಾಲ್ಕು ಕೇಯಾಸ್ (ಅವ್ಯವಸ್ಥೆಯ) ದೇವರುಗಳಿದ್ದಾರೆ. ಅವರಲ್ಲಿ ರೋಗ, ಕೊಳೆತ, ಹತಾಶೆಗಳ ಒಡೆಯ ನರ್ಗಲ್. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿರುವ ಗೇಮ್ಸ್ ವರ್ಕ್‌ಶಾಪ್ ಕಂಪನಿ 1980ರ ದಶಕದಿಂದಲೂ ಅವನ ಭೂತಗಳ ಮಿನಿಯೇಚರ್‌ಗಳನ್ನು, ಅಂದರೆ ಪುಟ್ಟ ಗೊಂಬೆಗಳನ್ನು, ಮಾಡುತ್ತಿದೆ. ಇವುಗಳಿಗೆ ಬಣ್ಣ ಹಚ್ಚಲು ಕೂತ ಹೊಸಬರ ಕಣ್ಣು ಮೊದಲು ಹೋಗುವುದು ಕೀವು, ಕರುಳು, ಹುಳುಗಳ ಕಡೆಗೆ. ಮೊದಲು ಮುಖ ನೋಡಿ ಎನ್ನುತ್ತೇನೆ ನಾನು. ಅತಿ ದೊಡ್ಡ ಭೂತವಾದ ಗ್ರೇಟ್ ಅನ್‌ಕ್ಲೀನ್ ಒನ್ ಬಾಯ್ತುಂಬ ನಗುತ್ತಿರುತ್ತಾನೆ. ನರ್ಗಲ್‌ನನ್ನು ಭಕ್ತರು ‘ಅಜ್ಜ’ ಎಂದೇ ಕರೆಯುತ್ತಾರೆ. ರೋಗವೆಂದರೆ ಅವನು ಮೊಮ್ಮಕ್ಕಳಿಗೆ ಪ್ರೀತಿಯಿಂದ ಹಂಚುವ ಉಡುಗೊರೆ. ಸಾವನ್ನೂ ಹುಟ್ಟನ್ನೂ ಒಂದೇ ಮೈಯಲ್ಲಿ ತೋರಿಸುವುದೇ ಈ ವಿನ್ಯಾಸದ ತಿರುಳು. ಬರೀ ಅಸಹ್ಯ ಕಂಡವರಿಗೆ ಅರ್ಧ ಗೊಂಬೆ ಮಾತ್ರ ಕಂಡಂತೆ.

ಹೊಟ್ಟೆ, ಕೊಂಬು, ನೊಣ

ಹೆಣ ಕೊಳೆಯುವಾಗ ಕರುಳಿನ ಬ್ಯಾಕ್ಟೀರಿಯಾಗಳಿಂದ ಅನಿಲ ತುಂಬಿ ಹೊಟ್ಟೆ ಉಬ್ಬುತ್ತದೆ. ತುಂಬು ಬಸುರಿಯ ಹೊಟ್ಟೆಗೂ ಅದೇ ಆಕಾರ. ಗ್ರೇಟ್ ಅನ್‌ಕ್ಲೀನ್ ಒನ್‌ನ ಹೊಟ್ಟೆಯಲ್ಲಿ ಈ ಎರಡೂ ಒಟ್ಟಿಗಿವೆ: ಚರ್ಮ ಹರಿದು ಕರುಳು ಜೋತಾಡುತ್ತಿದೆ, ಮೈಮೇಲೆ ನರ್ಗ್ಲಿಂಗ್ ಎಂಬ ಪುಟ್ಟ ಭೂತಗಳು ಹತ್ತಿ ಆಡುತ್ತಿವೆ. ತಲೆಯ ಮೇಲಿನ ಕೊಂಬುಗಳನ್ನೂ ಗಮನಿಸಿ. ಅವು ಎತ್ತಿನ ಕೊಂಬಿನಂತಿಲ್ಲ. ಜಿಂಕೆಯ ಕೊಂಬಿನಂತೆ ಕವಲೊಡೆದಿವೆ. ಜಿಂಕೆಯ ಕೊಂಬು ವರ್ಷಕ್ಕೊಮ್ಮೆ ಉದುರಿ ಮತ್ತೆ ಮೂಡುತ್ತದೆ. ಈ ದೇವರ ತಲೆಗೆ ಇದಕ್ಕಿಂತ ಹೊಂದುವ ಕಿರೀಟ ನನಗೆ ತೋಚುವುದಿಲ್ಲ.

ನರ್ಗಲ್‌ನ ಜೊತೆಗೇ ಬರುವ ನೊಣದ ಕಥೆಯೂ ಹೀಗೇ. ಕೊಳೆತ ಮಾಂಸದಿಂದ ಹುಳುಗಳು ತಾವಾಗಿಯೇ ಹುಟ್ಟುತ್ತವೆ ಎಂದು ಯುರೋಪಿನವರು ಶತಮಾನಗಳ ಕಾಲ ನಂಬಿದ್ದರು. 1668ರಲ್ಲಿ ಇಟಲಿಯ ಫ್ರಾನ್ಚೆಸ್ಕೊ ರೆಡಿ ಮಾಂಸದ ಜಾಡಿಗಳಿಗೆ ಬಟ್ಟೆ ಮುಚ್ಚಿಟ್ಟು, ನೊಣ ಮೊಟ್ಟೆಯಿಟ್ಟರೆ ಮಾತ್ರ ಹುಳು ಬರುತ್ತದೆಂದು ತೋರಿಸಿದ. ಆ ಹಳೆಯ ನಂಬಿಕೆ ನರ್ಗಲ್ ಲೋಕದಲ್ಲಿ ಇನ್ನೂ ನಿಜ. ಅಲ್ಲಿ ಕೊಳೆತವೇ ತಾಯಿ. ಅವನ ಬೀಡಿಗೆ ‘ತೋಟ’ ಎಂದು ಹೆಸರಿಟ್ಟಿರುವುದೂ ಇದಕ್ಕೆ ಹೊಂದುತ್ತದೆ.

ಲೆಕ್ಕ ಬರೆಯುವ ಭೂತಗಳು

ನನಗೆ ಹೆಚ್ಚು ಇಷ್ಟ ಪ್ಲೇಗ್‌ಬೇರರ್ ಎಂಬ ಭೂತಗಳು. ಒಂದೇ ಕಣ್ಣು, ಒಂದೇ ಕೊಂಬು, ಕಡ್ಡಿಯಂಥ ಕೈಕಾಲು, ಉಬ್ಬಿದ ಹೊಟ್ಟೆ. ನರ್ಗಲ್ಸ್ ರಾಟ್ ಎಂಬ ರೋಗದಿಂದ ಸತ್ತವರೇ ಹೀಗೆ ಮರುಹುಟ್ಟು ಪಡೆದಿರುತ್ತಾರೆ. ಅವರ ಕೆಲಸ ಯುದ್ಧವೊಂದೇ ಅಲ್ಲ: ಅಜ್ಜನ ರೋಗಗಳನ್ನೆಲ್ಲ ಗೊಣಗುತ್ತಾ ಎಣಿಸುವುದು. ರೋಗಗಳು ಹೆಚ್ಚುತ್ತಲೇ ಇರುವುದರಿಂದ ಲೆಕ್ಕ ಮುಗಿಯುವ ಮಾತೇ ಇಲ್ಲ. ಸ್ಪಾಯಿಲ್‌ಪಾಕ್ಸ್ ಸ್ಕ್ರಿವೆನರ್ ಎಂಬ ಗೊಂಬೆಯಂತೂ ಗರಿಲೇಖನಿ ಹಿಡಿದ ಗುಮಾಸ್ತನೇ.

ಇದನ್ನು ಲಂಡನ್ನಿನ ಇತಿಹಾಸದ ಪಕ್ಕದಲ್ಲಿಟ್ಟು ನೋಡಿ. ಅಲ್ಲಿ ಸತ್ತವರ ಪಟ್ಟಿಯನ್ನು ವಾರವಾರವೂ ಅಚ್ಚು ಹಾಕಿ ಮಾರುತ್ತಿದ್ದರು. 1665ರ ಮಹಾಪ್ಲೇಗ್‌ಗೆ ಆ ಪಟ್ಟಿಗಳು ಕೊಡುವ ಸಂಖ್ಯೆ 68,596. ಪಿಡುಗು ಮನುಷ್ಯರನ್ನು ಕೊಂದಿತಷ್ಟೇ ಅಲ್ಲ, ಅವರನ್ನು ಅಂಕಿಗಳನ್ನಾಗಿ ಮಾಡಿತು. ಹತಾಶೆಗೆ ರೂಪ ಕೊಡಬೇಕೆಂದರೆ ಅರಚುವ ರಾಕ್ಷಸನಿಗಿಂತ ದಣಿದ ಗುಮಾಸ್ತನೇ ಸರಿ.

ನರ್ಗಲ್‌ನ ಲಾಂಛನ ಮೂರು ವೃತ್ತಗಳು ಮತ್ತು ಹೊರಕ್ಕೆ ಚಾಚಿದ ಮೂರು ಬಾಣಗಳು. ವೃತ್ತಗಳು ಹುಣ್ಣಿನ ಗುಳ್ಳೆಗಳಂತೆ ಕಾಣುತ್ತವೆ. ಚರ್ಮದ ಮೇಲೆ ಶಿಲ್ಪಿಗಳು ಮೂರುಮೂರು ಗುಳ್ಳೆ ಕೆತ್ತುವುದು ಅದೇ ಕಾರಣಕ್ಕೆ. ಬಾಣದ ಬೇರು ಇನ್ನೂ ಹಳೆಯದು. ಗ್ರೀಕ್ ಕಥೆಗಳಲ್ಲಿ ಅಪೊಲೊ ಪಿಡುಗು ಹರಡುವುದು ಬಾಣ ಬಿಟ್ಟು. ಮಧ್ಯಯುಗದ ಯುರೋಪಿನಲ್ಲಿ ಪ್ಲೇಗ್ ಬಂದಾಗ ಜನ ಮೊರೆಹೋಗುತ್ತಿದ್ದ ಸಂತ ಸೆಬಾಸ್ಟಿಯನ್‌ನ ಚಿತ್ರಗಳಲ್ಲಿ ಅವನ ಮೈತುಂಬ ಬಾಣಗಳು. ನರ್ಗಲ್‌ನ ಪವಿತ್ರ ಸಂಖ್ಯೆ 7. ಬೈಬಲಿನ ಪ್ರಕಟನೆ ಗ್ರಂಥದಲ್ಲೂ ಏಳು ದೇವದೂತರು ಏಳು ಪಿಡುಗುಗಳನ್ನು ತರುತ್ತಾರೆ.

ಸ್ಲಾಪಿಟಿ ಬೈಲ್‌ಪೈಪರ್ ಎಂಬ ವಿದೂಷಕ ಕರುಳಿನಿಂದ ಮಾಡಿದ ಬ್ಯಾಗ್‌ಪೈಪ್ ಊದುತ್ತಾನೆ. ಪ್ಯಾರಿಸ್‌ನ ಹೋಲಿ ಇನ್ನೊಸೆಂಟ್ಸ್ ಸ್ಮಶಾನದ ಗೋಡೆಯ ಮೇಲೆ 1424-25ರಲ್ಲಿ ‘ಸಾವಿನ ಕುಣಿತ’ದ ಚಿತ್ರ ಬರೆದಿದ್ದರು: ರಾಜ, ಪಾದ್ರಿ, ರೈತ ಎಲ್ಲರ ಕೈಹಿಡಿದು ಹೆಣಗಳು ಕುಣಿಯುತ್ತವೆ. ಈ ವಿದೂಷಕ ಅದೇ ವಂಶದವನು.

ಬಣ್ಣ ಹಚ್ಚುವಾಗ

ಸತ್ತ ಮೈಗೆ ಹೊಸದಾಗಿ ಉರಿಯೂತ ಬರುವುದಿಲ್ಲ. ಗಾಯದ ಸುತ್ತ ಕೆಂಪೇರಬೇಕಾದರೆ ರಕ್ತ ಹರಿಯುತ್ತಿರಬೇಕು. ಆದ್ದರಿಂದ ತೆಳು ಹಸಿರು ಮೈಯಲ್ಲಿ ಪ್ರತಿ ಹುಣ್ಣಿನ ಅಂಚಿಗೂ ಗುಲಾಬಿ, ನೇರಳೆ ಹಚ್ಚಿ. ಹಸಿರಿನ ಎದುರು ಕೆಂಪು ಎದ್ದು ಕಾಣುತ್ತದೆ, ಜೊತೆಗೆ ಈ ದೇಹ ಇನ್ನೂ ಬದುಕಿದೆ ಎಂಬ ಮಾತೂ ಸೇರುತ್ತದೆ. ಹೊಳಪಿನ ವಾರ್ನಿಶ್ ಕಣ್ಣು, ನಾಲಿಗೆ, ಕೀವಿಗೆ ಮಾತ್ರ ಸಾಕು. ತುಕ್ಕು ಹಿಡಿದ ಕತ್ತಿಗೆ ಬೇಡ, ಅದು ಒಣಗಿರಲಿ.