ಇಂಧನದ ಅಂಕಿ ಎಲ್ಲಿ ಹೋಯಿತು?

ಪ್ರಾಜೆಕ್ಟ್ ಸೀಸನ್ ಬಂತೆಂದರೆ ಬೆಳಗಾವಿ ಸುತ್ತಲಿನ ಎಂಜಿನಿಯರಿಂಗ್ ಹುಡುಗರು ನನ್ನ ಮನೆ ಹುಡುಕಿಕೊಂಡು ಬರುತ್ತಾರೆ. ಕಾಕ್‌ಪಿಟ್ ಡಿಸ್‌ಪ್ಲೇ ಪರೀಕ್ಷೆ ಮಾಡುವುದು ನನ್ನ ಕೆಲಸ ಅಂತ ಯಾರೋ ಹೇಳಿರುತ್ತಾರೆ. ಸಾಂಬ್ರಾ ವಿಮಾನ ನಿಲ್ದಾಣದಿಂದ ಎದ್ದ ವಿಮಾನಗಳನ್ನು ನೋಡುತ್ತಾ ಬೆಳೆದವರು, ಆಸೆ ಇರುತ್ತದೆ. ಐಡಿಯಾ ಮಾತ್ರ ಎಲ್ಲರದ್ದೂ ಒಂದೇ.

"ಸರ, ಪೈಲಟ್‌ಗೆ ಕೆಲಸ ಜಾಸ್ತಿ ಆದ ಕೂಡಲೇ ಬ್ಯಾಡಾದ ಅಂಕಿ ತಗದು ಸ್ಕ್ರೀನ್ ತಾನೇ ಹಗುರ ಆಗ್ತದ್ರಿ."

"ಜಾಸ್ತಿ ಆಗಿದ್ದು ಅದಕ್ಕ ಹೆಂಗ ಗೊತ್ತಾಗ್ತದವಾ?"

"ಎದಿಬಡಿತರಿ."

ಹೋದ ವರ್ಷ ಒಂದು ತಂಡ ಮಾದರಿ ಮಾಡಿ ತೋರಿಸಲು ಕರೆಯಿತು. ಲಿಫ್ಟ್ ಕೆಟ್ಟಿತ್ತು. ಮೂರು ಮಹಡಿ ಹತ್ತಿ, ಏದುಸಿರು ಬಿಡುತ್ತಾ ಕೂತೆ. ಬೆರಳಿಗೆ ಸೆನ್ಸರ್ ಹಾಕಿದರು. ಇಂಧನದ ಅಂಕಿ ಮಾಯ! ಎಲ್ಲಿ ಹೋಯಿತು ಅಂತ ಹುಡುಕಿದೆ. ಹುಡುಕಿದಷ್ಟೂ ಬಡಿತ ಏರಿತು, ಏರಿದಷ್ಟೂ ಇನ್ನೊಂದೊಂದೇ ಅಂಕಿ ಸರಿಯಿತು. ಕೊನೆಗೆ ಉಳಿದಿದ್ದು ಪರದೆಯ ನೀಲಿ ಆಕಾಶ, ಕಂದು ನೆಲ, ನಾನು.

ಮೆಟ್ಟಿಲು ಹತ್ತಿದರೂ ಬಡಿತ ಏರುತ್ತದೆ, ಚಹಾ ಕುಡಿದರೂ ಏರಬಹುದು. ಅದು ಸಣ್ಣ ತಪ್ಪು. ಕೆಲಸದ ಹೊರೆ ಎಷ್ಟಾಯಿತು ಅಂತ ನಾವು ಇವತ್ತಿಗೂ ಹೆಚ್ಚಾಗಿ ಪೈಲಟ್‌ನನ್ನೇ ಕೇಳುತ್ತೇವೆ. ಅದಕ್ಕೆಂದೇ ಮಾಡಿದ 1988ರ ನಾಸಾ ಪ್ರಶ್ನಾವಳಿಯ ಆರು ಅಳತೆಗಳು ಈಗಲೂ ಚಾಲ್ತಿಯಲ್ಲಿವೆ. ದೊಡ್ಡ ತಪ್ಪು ಬೇರೆ ಇದೆ, ಎಷ್ಟು ಸಲ ಹೇಳಿದರೂ ತಲೆಗೆ ಹೋಗುವುದಿಲ್ಲ. ಸ್ಕ್ರೀನ್ ಬದಲಾಗುವುದೂ ಪೈಲಟ್‌ಗೆ ಒಂದು ಕೆಲಸ. ಏನು ಹೋಯಿತು, ಏಕೆ ಹೋಯಿತು, ಮತ್ತೆ ಯಾವಾಗ ಬರುತ್ತದೆ, ಇಷ್ಟನ್ನೂ ಅವನು ಯೋಚಿಸಬೇಕು. ಅದೂ ಕೈ ಖಾಲಿ ಇಲ್ಲದ ಹೊತ್ತಿನಲ್ಲಿ. ನಮ್ಮ ಅವ್ವ ಒಗ್ಗರಣೆ ಹಾಕುವಾಗ ಡಬ್ಬಿ ನೋಡುತ್ತಿರಲಿಲ್ಲ, ಕೈ ತಾನೇ ಸಾಸಿವೆಗೆ ಹೋಗುತ್ತಿತ್ತು. ಒಮ್ಮೆ ವೈನಿ ಒಳ್ಳೆಯ ಮನಸ್ಸಿನಿಂದಲೇ ಡಬ್ಬಿಗಳನ್ನು ಜೋಡಿಸಿಟ್ಟರು. ಅವತ್ತು ಎಣ್ಣೆ ಹೊತ್ತಿತು.

ಹಾಗಂತ ಬದಲಾಗುವ ಪರದೆಯೇ ಬೇಡ ಅನ್ನುತ್ತಿಲ್ಲ. ಏರ್‌ಬಸ್ ಎ320 ಒಂದು ಪಕ್ಕಕ್ಕೆ 45 ಡಿಗ್ರಿಗಿಂತ ಹೆಚ್ಚು ವಾಲಿದರೆ ಮುಖ್ಯ ಪರದೆಯಲ್ಲಿ ವೇಗ, ಎತ್ತರದಂಥ ಮುಖ್ಯ ವಿಷಯ ಬಿಟ್ಟು ಹೆಚ್ಚಿನದೆಲ್ಲ ಸರಿಯುತ್ತದೆ. ಟೇಕಾಫ್ ಓಟದಲ್ಲಿ ಅಷ್ಟು ತುರ್ತಲ್ಲದ ಎಚ್ಚರಿಕೆಗಳನ್ನು ಅದು 1500 ಅಡಿ ಏರುವವರೆಗೂ ತಡೆದಿಡುತ್ತದೆ. ಇದರಿಂದ ಪೈಲಟ್ ಕಂಗಾಲಾಗುವುದಿಲ್ಲ. ಯಾವಾಗ ಏನು ಸರಿಯುತ್ತದೆ ಅಂತ ಅವನು ಮೊದಲೇ ಕಲಿತಿರುತ್ತಾನೆ. ಅದು ವಿಮಾನದ ಸ್ಥಿತಿ ನೋಡುತ್ತದೆ, ಪೈಲಟ್‌ನ ನಾಡಿಯನ್ನಲ್ಲ.

ಹುಡುಗರ ಕಾಳಜಿ ಸುಳ್ಳಲ್ಲ. 2010ರ ನವೆಂಬರ್ 4ರಂದು ಸಿಂಗಪುರ ಬಿಟ್ಟ ಕ್ವಾಂಟಾಸ್ ಎ380ರಲ್ಲಿ ಎಂಜಿನ್ ಒಡೆದು ಪರದೆಯಲ್ಲಿ ಎಚ್ಚರಿಕೆ ಸಂದೇಶಗಳ ಮಳೆಯೇ ಸುರಿಯಿತು. ಒಂದೊಂದನ್ನೇ ಮುಗಿಸಲು ಸುಮಾರು 50 ನಿಮಿಷ ಬೇಕಾಯಿತು. ಅವತ್ತು ಕಾಕ್‌ಪಿಟ್‌ನಲ್ಲಿ ಐದು ಪೈಲಟ್‌ಗಳಿದ್ದರು, ಅದು ಪುಣ್ಯ. ಇಬ್ಬರೇ ಇದ್ದಿದ್ದರೆ? ಅಲ್ಲಿ ಆದ್ಯತೆ ನೋಡಿ ಸಾಲು ಜೋಡಿಸುವ ಯಂತ್ರ ನಿಜಕ್ಕೂ ನೆರವಾಗಬಹುದು. ಯುದ್ಧ ವಿಮಾನದ ಲೆಕ್ಕವೂ ಬೇರೆ ಇರಬಹುದು, ನನ್ನ ಮಾತು ಪ್ರಯಾಣಿಕ ವಿಮಾನದ್ದು.

ಮೊನ್ನೆ ಅದೇ ತಂಡದ ಹುಡುಗಿ ಮತ್ತೆ ಬಂದಳು, ಕೈಯಲ್ಲಿ ಕುಂದಾ ಡಬ್ಬಿ. "ಈಗ ಯಾವ ಅಂಕಿನೂ ಜಾಗ ಬಿಡಂಗಿಲ್ರಿ ಸರ. ಚೆಕ್‌ಲಿಸ್ಟ್ ಒಂದ ಮುಂದ ಬರ್ತದ, ಅದೂ ಪೈಲಟ್ ಹೂಂ ಅಂದ್ರ." ಇಂಧನ ಎಲ್ಲಿ ಅಂದೆ. ಅದೇ ಮೂಲೆ ತೋರಿಸಿದಳು. ಸೆನ್ಸರ್ ಮಾತ್ರ ಇನ್ನೂ ಬೆರಳಿಗೇ ಇದೆ. ಆ ಜಗಳ ಮುಂದಿನ ವಾರಕ್ಕೆ.