ಬಾಣಂತಿ ಅತ್ತರೆ ಪಂಚಾಯ್ತಿ ಯಾಕೆ?

ಸಿಜೇರಿಯನ್ ಆಗಿ ನಾಲ್ಕನೇ ದಿನ. ಹುನಗುಂದ ಕಡೆಯ ಹುಡುಗಿ, ಚೊಚ್ಚಲ ಹೆರಿಗೆ. ಬೆಳಿಗ್ಗೆ ರೌಂಡ್ಸಿಗೆ ಹೋದರೆ ವಾರ್ಡಿನ ಬಾಗಿಲಲ್ಲೇ ಬೀಗರು ಬೀಗರು ಎದುರುಬದುರು ನಿಂತಿದ್ದಾರೆ. ಹುಡುಗಿ ರಾತ್ರಿಯಿಂದ ಅಳುತ್ತಿದ್ದಾಳೆ, ಯಾರೋ ಏನೋ ಅಂದಿರಲೇಬೇಕು ಅಂತ ಸೋದರಮಾವನ ವಾದ. "ನಮ್ಮವರ‍್ಯಾರೂ ತುಟಿ ಬಿಚ್ಚಿಲ್ರಿ" ಅಂತ ಅತ್ತೆ. ಗಂಡ ಪಾಪ, ಚಹಾದ ಥರ್ಮಾಸ್ ಹಿಡಿದು ಯಾವ ಕಡೆ ನಿಲ್ಲಬೇಕೋ ತಿಳಿಯದೆ ನಿಂತಿದ್ದ. ನಾನು ಒಳಗೆ ಹೋಗಿ ಆ ಹುಡುಗಿಯನ್ನೇ ಕೇಳಿದೆ. "ಯಾರೂ ಏನೂ ಅಂದಿಲ್ರಿ ಮೇಡಂ. ಕೂಸು ಆಕಳಿಸ್ತು. ಅದರ ಬಾಯಿ ಎಷ್ಟ್ ಸಣ್ಣದೈತಿ ನೋಡ್ರಿ" ಅಂದಳು. ಹೇಳುತ್ತಲೇ ನಗು, ಅದರ ಬೆನ್ನಿಗೇ ಮತ್ತೆ ಅಳು.

ಬಾಗಲಕೋಟೆಯಲ್ಲಿ ಇಷ್ಟು ವರ್ಷ ಹೆರಿಗೆ ಮಾಡಿಸುತ್ತಾ ನನಗೆ ಸಾಕಾಗಿ ಹೋಗಿರುವುದು ಈ "ಯಾರೇನಂದ್ರು?" ಅನ್ನೋ ಪ್ರಶ್ನೆಯಿಂದ. ಬಾಣಂತಿ ಅತ್ತರೆ ಮನೆಯಲ್ಲಿ ವಿಚಾರಣೆ ಶುರು. ಹೆಣ್ಣು ಹುಟ್ಟಿತು ಅಂತ ಅತ್ತಳಾ? ಅತ್ತೆ ನೋಡಲು ಬರಲಿಲ್ಲ ಅಂತ ಅತ್ತಳಾ? ಅಂಟಿನ ಉಂಡಿಗೆ ತುಪ್ಪ ಕಡಿಮೆ ಆಯ್ತಾ? ಇಲ್ರೀ. ಯಾರೂ ಏನೂ ಮಾಡಿಲ್ಲ. ಒಂಬತ್ತು ತಿಂಗಳು ಹಾರ್ಮೋನುಗಳನ್ನು ರಾಶಿಗಟ್ಟಲೆ ತಯಾರಿಸಿದ್ದು ಮಾಸು. ಹೆರಿಗೆಯಾದ ಕೂಡಲೇ ಅದೂ ಹೊರಗೆ ಬೀಳುತ್ತದೆ, ಕಾರ್ಖಾನೆಗೆ ಬೀಗ ಬಿದ್ದ ಹಾಗೆ. ಈಸ್ಟ್ರೋಜನ್, ಪ್ರೊಜೆಸ್ಟರಾನ್ ಎರಡೂ ನಾಲ್ಕಾರು ದಿನದಲ್ಲಿ ತಳಕ್ಕೆ ಇಳಿಯುತ್ತವೆ. ಜೊತೆಗೆ ನಿದ್ದೆ ಇಲ್ಲ, ಹೊಲಿಗೆಯ ನೋವು, ಎದೆಗೆ ಹಾಲು ಇಳಿದು ಕಲ್ಲಿನಂತಾದ ಭಾರ. ಅಳು ಬರದೆ ಇನ್ನೇನು ಬಂದೀತು?

ಎರಡನೇ ಮೂರನೇ ದಿನಕ್ಕೆ ಇದು ಶುರುವಾಗುತ್ತದೆ. ನಾಲ್ಕು, ಐದನೇ ದಿನಕ್ಕೆ ಜೋರಾಗುತ್ತದೆ. ಸರಿಯಾಗಿ ಐದೇಶಿಯ ಹೊತ್ತಿಗೆ ನೋಡಿ! ಮನೆ ತುಂಬ ಜನ, ಸೆಟಿಗೆವ್ವನ ಪೂಜೆ, ಬಾಣಂತಿಯ ಕಣ್ಣಲ್ಲಿ ನೀರು. ದೃಷ್ಟಿ ಆಯ್ತು ಅಂತ ಮೆಣಸಿನಕಾಯಿ ನಿವಾಳಿಸುತ್ತಾರೆ. ನಿವಾಳಿಸಲಿ, ನನ್ನ ತಕರಾರಿಲ್ಲ. ಹಡೆದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಹೀಗಾಗುತ್ತದೆ, ಎರಡು ವಾರದೊಳಗೆ ತಾನಾಗಿಯೇ ಹೋಗುತ್ತದೆ. ಇದಕ್ಕೆ ಮಾತ್ರೆ ಬೇಡ. ಅಷ್ಟು ದಿನ ಯಾರಾದರೂ ಕೂಸನ್ನು ಎತ್ತಿಕೊಂಡು ಅವಳಿಗೆ ಎರಡು ತಾಸು ನಿದ್ದೆ ಮಾಡಲು ಬಿಟ್ಟರೆ ಸಾಕು. "ಅಳಬ್ಯಾಡ, ಹಾಲು ಬತ್ತತೈತಿ" ಅಂತ ಹೆದರಿಸೋದು ಮಾತ್ರ ಬೇಡ. ಅತ್ತರೆ ಹಾಲು ಬತ್ತಲ್ಲ.

ಆದ್ದರಿಂದ ನಾನು ಹೇಳೋದು ಒಂದೇ ಮಾತು. ಯಾರು ಅಂತ ಕೇಳಬೇಡಿ, ಎಷ್ಟು ದಿನ ಆಯ್ತು ಅಂತ ಕೇಳಿ. ಕ್ಯಾಲೆಂಡರಿನಲ್ಲಿ ಹೆರಿಗೆಯ ತಾರೀಕಿಗೆ ಒಂದು ಗುರುತು ಹಾಕಿ, ಹದಿನಾಲ್ಕನೇ ದಿನಕ್ಕೆ ಇನ್ನೊಂದು. ಎರಡನೇ ಗುರುತು ದಾಟಿದ ಮೇಲೂ ಮಂಕು ಹೋಗದಿದ್ದರೆ ಅದು ಬೇರೆ ಕಾಯಿಲೆ ಇರಬಹುದು. ಖಿನ್ನತೆ. ಇದಕ್ಕೆ ವೈದ್ಯರು ಬೇಕು. ಮತ್ತೆ ಹೇಳುತ್ತೇನೆ, ಎಣಿಸಿ. ಯಾಕಂದ್ರೆ ನಮ್ಮಲ್ಲಿ ನಡೆಯೋದು ಪೂರ್ತಿ ಉಲ್ಟಾ. ಐದನೇ ದಿನ ಗಾಬರಿಯಿಂದ ಓಡಿ ಬರುತ್ತಾರೆ, ಐದನೇ ವಾರ ಬರೋದೇ ಇಲ್ಲ. ಅಷ್ಟರಲ್ಲಿ ವಿಚಾರಣೆ ಮುಗಿದು, ತಪ್ಪು ಯಾರದೋ ತಲೆಗೆ ಕಟ್ಟಿ ಆಗಿರುತ್ತದೆ.

ಹದಿನಾಲ್ಕನೇ ದಿನ ಆಶಾ ಕಾರ್ಯಕರ್ತೆ ಮನೆಗೆ ಬರುತ್ತಾಳೆ ಅಲ್ವಾ? ಕೂಸನ್ನು ತೂಗಿ ಹೋಗುತ್ತಾಳೆ. ಅವತ್ತೇ ತಾಯಿಯ ಮನಸ್ಸಿನ ಬಗ್ಗೆಯೂ ಅವಳ ಕಿವಿಗೆ ಹಾಕಿ.

ಸನ್ನಿಯ ಮಾತು ಬೇರೆ. ಸಾವಿರಕ್ಕೆ ಒಬ್ಬರೋ ಇಬ್ಬರೋ. ರಾತ್ರಿಯೆಲ್ಲ ಎಚ್ಚರ, ಅರ್ಥವಿಲ್ಲದ ಮಾತು, ಇಲ್ಲದ ದನಿ ಕೇಳಿಸೋದು, ಮನೆಯವರ ಮೇಲೇ ಸಂಶಯ. ಇದು ಹೆಚ್ಚಾಗಿ ಮೊದಲ ಎರಡು ವಾರದಲ್ಲೇ ಶುರುವಾಗುತ್ತದೆ. ಹಾಗಾಗಿ ಇಲ್ಲಿ ನನ್ನ ಕ್ಯಾಲೆಂಡರ್ ನಡೆಯಲ್ಲ. ಅವತ್ತೇ ಆಸ್ಪತ್ರೆಗೆ ಕರೆತನ್ನಿ. ತಾಯಿ, ಕೂಸು ಇಬ್ಬರನ್ನೇ ಒಂಟಿಯಾಗಿ ಬಿಡಬೇಡಿ. ಸಾಯಬೇಕು ಅಂತ ಯಾವ ದಿನ ಅಂದರೂ ಹೀಗೇ ಮಾಡಿ.

ಕಳೆದ ವರ್ಷ ಒಬ್ಬಳು ಆರನೇ ವಾರದ ತಪಾಸಣೆಗೆ ಬಂದಳು. ಮಾತೆಲ್ಲ ಅವಳ ತಾಯಿಯದೇ. "ಮೊದಲ ಭಾಳ ಅಳ್ತಿದ್ಲ್ರಿ. ಈಗ ಅಳೋದ ಬಿಟ್ಟಾಳ. ಆರಾಮ ಆಗ್ಯಾಳ." ಪಕ್ಕದ ಕೋಣೆಯಲ್ಲಿ ಕೂಸಿಗೆ ಲಸಿಕೆ ಹಾಕಿದರು, ಕಿಟಾರನೆ ಕಿರುಚಿತು. ಇವಳು ತಿರುಗಿಯೂ ನೋಡಲಿಲ್ಲ. ಸೆರಗಿನ ಅಂಚಿನ ಒಂದು ಎಳೆಯನ್ನು ಎಳೆಯುತ್ತಾ ಕೂತಿದ್ದಳು. ಕೂಸು ಮಲಗಿದಾಗ ನಿನಗೆ ನಿದ್ದೆ ಬರುತ್ತಾ ಅಂತ ಕೇಳಿದೆ. ಇಲ್ಲ ಅಂತ ತಲೆಯಾಡಿಸಿದಳು. ನನಗೆ ಈ ಒಂದು ಪ್ರಶ್ನೆ ಎಷ್ಟೋ ಸಲ ದಾರಿ ತೋರಿಸಿದೆ. ಕೂಸು ಎಬ್ಬಿಸಿದ್ದಕ್ಕೆ ನಿದ್ದೆ ಕೆಟ್ಟರೆ ಅದು ಬಾಣಂತನ. ಕೂಸು ಮಲಗಿದರೂ ಕಣ್ಣು ಮುಚ್ಚದಿದ್ದರೆ ನಾನು ಪೆನ್ನು ಕೆಳಗಿಟ್ಟು ಕೂರುತ್ತೇನೆ.

ರಕ್ತ, ಥೈರಾಯ್ಡ್ ಎರಡನ್ನೂ ಪರೀಕ್ಷೆ ಮಾಡಿಸಿದೆವು. ಅವು ಕೆಟ್ಟರೂ ಹೀಗೇ ಮಂಕು ಕವಿಯುತ್ತದೆ. ಆಮೇಲೆ ಮನೋವೈದ್ಯರ ಹತ್ತಿರ ಕಳಿಸಿದೆ. "ಹುಚ್ಚರ ಡಾಕ್ಟರ್ ಯಾಕ್ರಿ" ಅಂತ ತಾಯಿ ಕಣ್ಣೊರೆಸಿಕೊಂಡರು. ಅವರಿಗೆ ಸಮಾಧಾನ ಹೇಳಲು ಅರ್ಧ ಗಂಟೆ ಹೋಯಿತು, ಹೊರಗೆ ಕ್ಯೂ ಗೊಣಗುತ್ತಿತ್ತು. ಹಾಲು ಬಿಡಿಸದೆ ಕೊಡಬಹುದಾದ ಮಾತ್ರೆಗಳಿವೆ. ಎಲ್ಲರಿಗೂ ಮಾತ್ರೆಯೇ ಬೇಕು ಅಂತಲೂ ಇಲ್ಲ, ಅದನ್ನು ನೋಡಿದ ವೈದ್ಯರೇ ಹೇಳಬೇಕು. ಜಿಲ್ಲಾಸ್ಪತ್ರೆಯಲ್ಲಿ ತೋರಿಸಬಹುದು, ದೊಡ್ಡ ತೊಂದರೆಗೆ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ಇದೆ. ರಾತ್ರಿ ಹೊತ್ತು ದಿಕ್ಕು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ, 14416. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಹದಿನಾಲ್ಕನೇ ವಾರದ ಲಸಿಕೆಗೆ ಅವರು ಮತ್ತೆ ಬಂದರು. ಈ ಸಲ ತಾಯಿಯ ದೂರು ಬೇರೆ. "ನೋಡ್ರಿ ಮೇಡಂ, ಕುಲಾವಿ ಬಿಗಿ ಕಟ್ಟೀದಿ ಅಂತ ಎಲ್ಲಾರ ಮುಂದ ನನಗ ಬೈತಾಳ." ಮಗಳು ಆಗಲೇ ಕೂಸಿನ ಗದ್ದದ ಕೆಳಗಿನ ಲಾಡಿ ಬಿಚ್ಚುತ್ತಿದ್ದಳು.