ಲಾಗಿನ್ ಗೊತ್ತು, ಲಾಗೌಟ್ ಗೊತ್ತಿಲ್ಲ

ಆಫೀಸಿನಲ್ಲಿ ಒಬ್ಬರು ಪಾಸ್‌ವರ್ಡ್ ಬದಲಿಸುತ್ತಾರೆ. ಸ್ವಲ್ಪ ಹೊತ್ತಿಗೆ ಅವರ ಅಕೌಂಟ್ ಲಾಕ್ ಆಗುತ್ತದೆ. ಸಿಸ್ಟಮ್ ಅಡ್ಮಿನ್ ಅದನ್ನು ಬಿಡಿಸಿಕೊಡುತ್ತಾರೆ. ಮತ್ತೆ ಲಾಕ್! ಯಾರೋ ಹ್ಯಾಕ್ ಮಾಡುತ್ತಿದ್ದಾರೆ ಅಂತ ಹೆದರಿಕೆ ಶುರುವಾಗುತ್ತದೆ. ಎಷ್ಟೋ ಸಲ ಕಾರಣ ತೀರಾ ಸರಳ. ಹೋದ ವಾರ ಅವರು ಮೀಟಿಂಗ್ ರೂಮಿನ ಕಂಪ್ಯೂಟರಿನಲ್ಲಿ ಲಾಗಿನ್ ಆಗಿದ್ದರು. ಲಾಗೌಟ್ ಆಗದೆ ಎದ್ದು ಹೋಗಿದ್ದರು. ಆ ಯಂತ್ರ ಹಳೆಯ ಪಾಸ್‌ವರ್ಡನ್ನೇ ಸರ್ವರ್‌ಗೆ ಕಳಿಸುತ್ತಾ ಕೂತಿದೆ, ತಪ್ಪು ಪಾಸ್‌ವರ್ಡ್ ಪದೇ ಪದೇ ಬಂದಿದ್ದಕ್ಕೆ ಅಕೌಂಟ್ ಲಾಕ್ ಆಗುತ್ತಿದೆ. ಆ ಕಂಪ್ಯೂಟರ್ ಯಾವುದು ಅಂತ ಗೊತ್ತಾದರೆ ಎರಡು ನಿಮಿಷದ ಕೆಲಸ.

ನೆಟ್‌ವರ್ಕಿಗೆ ಇದು ಗೊತ್ತಿರಲೇಬೇಕು ಅಲ್ವಾ? ಇಲ್ಲ. ಲಾಗಿನ್ ಗಟ್ಟಿ ಗುರುತು ಬಿಡುತ್ತದೆ, ಲಾಗೌಟ್ ಬಿಡುವುದಿಲ್ಲ. ಲೈಬ್ರರಿ ಬಾಗಿಲಿನ ರಿಜಿಸ್ಟರ್ ಇದ್ದ ಹಾಗೆ: ಒಳಗೆ ಬರುವಾಗ ಸಹಿ ಮಾಡದಿದ್ದರೆ ಬಿಡುವುದಿಲ್ಲ, ಹೋಗುವಾಗ ಕೇಳುವವರಿಲ್ಲ. ಕರೆಂಟ್ ಹೋಗಬಹುದು, ಲ್ಯಾಪ್‌ಟಾಪ್ ಮುಚ್ಚಬಹುದು, ಕೇಬಲ್ ಕಳಚಬಹುದು. ಆಗ "ನಾನು ಹೊರಟೆ" ಅಂತ ಹೇಳಲು ಯಂತ್ರಕ್ಕೆ ಅವಕಾಶವೇ ಸಿಗುವುದಿಲ್ಲ. ಆದ್ದರಿಂದ "ಎಲ್ಲಿ ಲಾಗಿನ್ ಆದರು" ಎಂಬ ಪ್ರಶ್ನೆ ಸುಲಭ, "ಈಗ ಎಲ್ಲಿದ್ದಾರೆ" ಎಂಬುದು ಕಷ್ಟ.

ಈ ಪ್ರಶ್ನೆ ತುಂಬಾ ಹಳೆಯದು. ಅಮೆರಿಕದ ಸ್ಟ್ಯಾನ್‌ಫರ್ಡ್ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದಲ್ಲಿ ಒಂದೇ ದೊಡ್ಡ ಕಂಪ್ಯೂಟರಿಗೆ ಬೇಕಾದಷ್ಟು ಟರ್ಮಿನಲ್‌ಗಳು, ಅಂದರೆ ಪರದೆ-ಕೀಬೋರ್ಡ್‌ಗಳು, ಇದ್ದವು. ಯಾರು ಲಾಗಿನ್ ಆಗಿದ್ದಾರೆ ಅಂತ ತೋರಿಸುವ ಪಟ್ಟಿ ಇತ್ತು, ಆದರೆ ಅದರಲ್ಲಿ ಇನಿಶಿಯಲ್ ಮತ್ತು ಲೈನ್ ನಂಬರ್ ಮಾತ್ರ ಇರುತ್ತಿದ್ದವು. ಜನ ಪರದೆಯ ಮೇಲೆ ಬೆರಳಾಡಿಸುತ್ತಾ ಹುಡುಕುವುದನ್ನು ಅಲ್ಲಿನ ಕಂಪ್ಯೂಟರ್ ವಿಜ್ಞಾನಿ ಲೆಸ್ ಅರ್ನೆಸ್ಟ್ ಗಮನಿಸಿದರು. 1970ರ ದಶಕದ ಆರಂಭದಲ್ಲಿ ಅವರು 'ಫಿಂಗರ್' ಪ್ರೋಗ್ರಾಂ ಬರೆದರು. ಪೂರ್ತಿ ಹೆಸರು, ಟರ್ಮಿನಲ್ ಇರುವ ಜಾಗ, ಜೊತೆಗೆ ಕೊನೆಯ ಸಲ ಕೀಲಿ ಒತ್ತಿ ಎಷ್ಟು ಹೊತ್ತಾಯಿತು ಎಂಬುದನ್ನೂ ಅದು ತೋರಿಸುತ್ತಿತ್ತು. ಈ ಕೊನೆಯ ಅಂಶ ನನಗೆ ಬಹಳ ಇಷ್ಟ. ಲಾಗೌಟ್ ನಂಬಲಾಗದಿದ್ದರೆ ಏನಂತೆ, ಮನುಷ್ಯ ಅಲ್ಲಿದ್ದಾನೋ ಇಲ್ಲವೋ ಅಂತ ಕೀಬೋರ್ಡಿನಿಂದ ಊಹಿಸಬಹುದು. ಮುಂದೆ 1977ರಲ್ಲಿ ಫಿಂಗರ್ ಇಡೀ ಜಾಲಕ್ಕೆ ಒಂದು ನಿಯಮವಾಯಿತು. ದೂರದ ಕಂಪ್ಯೂಟರಿನ 79ನೇ ಪೋರ್ಟ್‌ಗೆ, ಅಂದರೆ ಆ ನಂಬರಿನ ಬಾಗಿಲಿಗೆ, ಹೆಸರು ಕಳಿಸಿದರೆ ಸಾಕು, ಉತ್ತರ ಬರುತ್ತಿತ್ತು.

ಯಾರು ಕೇಳಿದರೂ ಉತ್ತರ. ಆ ಕಾಲದ ನಂಬಿಕೆ ಅಂಥದ್ದು. 1988ರ ನವೆಂಬರ್ 2ರಂದು ಹರಡಿದ ಮಾರಿಸ್ ವರ್ಮ್ (ಕಂಪ್ಯೂಟರಿನಿಂದ ಕಂಪ್ಯೂಟರಿಗೆ ತಾನಾಗಿಯೇ ಹರಡುವ ಪ್ರೋಗ್ರಾಂ) ಇದೇ ಬಾಗಿಲಿನಿಂದಲೂ ನುಗ್ಗಿತು. ಫಿಂಗರ್ ಸರ್ವರ್ ಬಂದ ಪ್ರಶ್ನೆಗೆ 512 ಬೈಟ್ ಜಾಗ ಇಟ್ಟಿತ್ತು, ಆದರೆ ಉದ್ದ ಅಳೆಯುತ್ತಿರಲಿಲ್ಲ. ವರ್ಮ್ 536 ಬೈಟ್ ಕಳಿಸಿ, ಉಕ್ಕಿದ ಭಾಗದ ನೆರವಿನಿಂದ ತನ್ನದೇ ಕೋಡ್ ಓಡಿಸಿತು. ಆಮೇಲೆ ಒಂದೊಂದೇ ಸಂಸ್ಥೆ ಫಿಂಗರ್ ಸೇವೆಯನ್ನು ಮುಚ್ಚುತ್ತಾ ಹೋಯಿತು.

ಅದೇ ಹೊತ್ತಿಗೆ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಇನ್ನೊಂದು ದಾರಿ ತಯಾರಾಗಿತ್ತು. ಅಲ್ಲಿ 1983ರಲ್ಲಿ ಶುರುವಾದ ಅಥೀನಾ ಯೋಜನೆಯಲ್ಲಿ ವಿದ್ಯಾರ್ಥಿ ಕ್ಯಾಂಪಸ್ಸಿನ ಯಾವ ಕಂಪ್ಯೂಟರಿನಲ್ಲಾದರೂ ಕೂರಬಹುದಿತ್ತು. ಹಾಗಾದರೆ ಅವನಿಗೆ ಸಂದೇಶ ತಲುಪಿಸುವುದು ಹೇಗೆ? ಅದಕ್ಕೆಂದೇ 'ಝೆಫಿರ್' ಎಂಬ ವ್ಯವಸ್ಥೆ ಬಂತು. ನಾನು ಎಲ್ಲಿದ್ದೇನೆ ಅಂತ ಯಾರಿಗೂ ಕಾಣಬಾರದೋ, ನಿರ್ವಾಹಕರಿಗೆ ಮಾತ್ರ ಕಾಣಬೇಕೋ, ಎಲ್ಲರಿಗೂ ಕಾಣಬೇಕೋ ಎಂಬುದನ್ನು ಅದರಲ್ಲಿ ಬಳಕೆದಾರನೇ ಆರಿಸಬಹುದಿತ್ತು. ಇವತ್ತು ನಾವು 'ಲಾಸ್ಟ್ ಸೀನ್' ಆಫ್ ಮಾಡುವುದಕ್ಕೂ ಎಷ್ಟೋ ವರ್ಷ ಮೊದಲಿನ ಮಾತು ಇದು.

ಅಥೀನಾದಲ್ಲೇ ಹುಟ್ಟಿದ, ಬಳಕೆದಾರರ ಗುರುತು ಪರೀಕ್ಷಿಸುವ ಕರ್ಬರಸ್ ಎಂಬ ವ್ಯವಸ್ಥೆ ಇವತ್ತಿನ ವಿಂಡೋಸ್ ಆಫೀಸುಗಳಲ್ಲೂ ಕೆಲಸ ಮಾಡುತ್ತಿದೆ. ಬೆಳಗ್ಗೆ ನೀವು ಪಾಸ್‌ವರ್ಡ್ ಹಾಕಿದಾಗ ಡೊಮೈನ್ ಕಂಟ್ರೋಲರ್ ಎಂಬ ಸರ್ವರ್ ನಿಮ್ಮ ಗುರುತಿಗೆ ಸಾಕ್ಷಿಯಾಗಿ ಒಂದು ಡಿಜಿಟಲ್ ಟಿಕೆಟ್ ಕೊಡುತ್ತದೆ. ಸಾಮಾನ್ಯವಾಗಿ ಅದರ ಆಯುಷ್ಯ 10 ಗಂಟೆ. ಟಿಕೆಟ್ ಕೊಟ್ಟಿದ್ದು ಸರ್ವರ್‌ನ ದಾಖಲೆಯಲ್ಲಿ 4768 ಎಂಬ ನಂಬರಿನಡಿ ಸೇರುತ್ತದೆ. ನೀವು ಎದ್ದು ಹೋಗಿದ್ದು ಅದಕ್ಕೆ ತಿಳಿಯುವುದೇ ಇಲ್ಲ. ಲಾಗೌಟ್ ಬರೆದುಕೊಳ್ಳುವುದು ನೀವು ಕೂತಿದ್ದ ಯಂತ್ರ, ಅದೂ ತನ್ನ ಡೈರಿಯಲ್ಲಿ ಮಾತ್ರ. ಹಾಗಾಗಿ ಅಡ್ಮಿನ್ ಒಂದೊಂದೇ ಯಂತ್ರವನ್ನು "ನಿನ್ನಲ್ಲಿ ಯಾರಿದ್ದಾರೆ" ಅಂತ ಕೇಳಬೇಕು. ಇಲ್ಲವೇ ಎಲ್ಲರೂ ಬಳಸುವ ಫೈಲ್ ಸರ್ವರ್‌ಗೆ ಯಾವ ಹೆಸರು ಯಾವ ವಿಳಾಸದಿಂದ ಬಂದಿದೆ ಅಂತ ನೋಡಬೇಕು. ಅಕೌಂಟ್ ಲಾಕ್ ಆದಾಗ ಮಾತ್ರ ಸ್ವಲ್ಪ ಅನುಕೂಲ: 4740 ಎಂಬ ದಾಖಲೆಯಲ್ಲಿ ತಪ್ಪು ಪಾಸ್‌ವರ್ಡ್ ಬಂದ ಕಂಪ್ಯೂಟರಿನ ಹೆಸರೇ ಸಾಮಾನ್ಯವಾಗಿ ಇರುತ್ತದೆ.

ಕಳ್ಳರಿಗೂ ಇದೇ ಪ್ರಶ್ನೆ ಬೇಕು. ದೊಡ್ಡ ಅಧಿಕಾರವಿರುವ ಅಡ್ಮಿನ್ ಯಾವ ಯಂತ್ರದಲ್ಲಿ ಲಾಗಿನ್ ಆಗಿದ್ದಾರೋ ಅದರ ಮೆಮೊರಿಯಲ್ಲಿ ಅವರ ಗುರುತಿನ ಕೀಲಿಗಳು ಕೂತಿರುತ್ತವೆ. ಆ ಯಂತ್ರ ಸಿಕ್ಕರೆ ಇಡೀ ನೆಟ್‌ವರ್ಕ್ ಸಿಕ್ಕ ಹಾಗೆ. 2016ರಲ್ಲಿ ಬಂದ ಬ್ಲಡ್‌ಹೌಂಡ್ ಎಂಬ ಸಲಕರಣೆ ಇಂಥ ದಾರಿಗಳನ್ನು ನಕ್ಷೆಯಾಗಿ ಬಿಡಿಸಿ ತೋರಿಸಿತು. ಸಾಮಾನ್ಯ ಬಳಕೆದಾರರು ಈ ವಿವರ ಕೇಳುವುದಕ್ಕೆ ವಿಂಡೋಸ್ ಆಮೇಲಿನ ಆವೃತ್ತಿಗಳಲ್ಲಿ ಕಡಿವಾಣ ಹಾಕಿದೆ. ಅದು ಸರಿಯಾದ ಕ್ರಮ ಅಂತಲೇ ನನ್ನ ಅಭಿಪ್ರಾಯ.

ನಿಮ್ಮ ಸ್ವಂತ ಅಕೌಂಟಿನ ಬಗ್ಗೆ ಈ ಪ್ರಶ್ನೆ ಕೇಳುವ ಹಕ್ಕು ನಿಮಗಿದೆ. ಗೂಗಲ್ ಅಕೌಂಟಿನ ಸೆಕ್ಯುರಿಟಿ ಪುಟದಲ್ಲಿ, ವಾಟ್ಸಾಪ್‌ನ ಲಿಂಕ್ಡ್ ಡಿವೈಸಸ್‌ನಲ್ಲಿ ಪಟ್ಟಿ ಸಿಗುತ್ತದೆ. ಅಲ್ಲಿ ಬೇರೆ ಊರಿನ ಹೆಸರು ಕಂಡರೆ ಗಾಬರಿಯಾಗಬೇಡಿ. ಅದು ಐಪಿ ವಿಳಾಸದಿಂದ, ಅಂದರೆ ನಿಮ್ಮ ಇಂಟರ್ನೆಟ್ ಸಂಪರ್ಕದ ನಂಬರಿನಿಂದ, ಮಾಡಿದ ಊಹೆ. ಶಿವಮೊಗ್ಗದಲ್ಲಿ ಮೊಬೈಲ್ ಡೇಟಾ ಬಳಸುವವರಿಗೆ ಬೆಂಗಳೂರು ಅಂತಲೋ ಚೆನ್ನೈ ಅಂತಲೋ ತೋರಿಸಬಹುದು. ಯಾವ ಸಾಧನ, ಯಾವಾಗ ಬಳಸಿದ್ದು ಅಂತ ನೋಡಿ. ಹಿಂದೆಯೇ ಮಾರಿಬಿಟ್ಟ ಫೋನ್ ಇನ್ನೂ ಪಟ್ಟಿಯಲ್ಲಿದ್ದರೆ, ಅಲ್ಲಿಂದಲೇ ಲಾಗೌಟ್ ಮಾಡಬಹುದು.